ತಕ್ಕದ್ದು

ಡೆನ್ ಹೆಲ್ಡರ್ ರಸ್ತೆಯಲ್ಲಿ, ಮರಳುದಿಬ್ಬಕ್ಕೆ ಬೆನ್ನು ಕೊಟ್ಟು
ಕಡಲಗಾಳಿಗೆ ಕಿವಿಗೊಡದೆ ಕೂತ ಗಿಡ್ಡ ಕಟ್ಟಡ.
ಮೂರನೆಯ ಕೋಣೆಯ ಮೇಜಿಗೆ
ಮರದ ಪೆಟ್ಟಿಗೆ ಮತ್ತೆ ಬಂದಿದೆ.
ಮೈತುಂಬ ಚೀಟಿ: ಟ್ರೋಂಡ್‌ಹೈಮ್, ಟುರಿನ್, ಗ್ಡಾನ್ಸ್ಕ್.
ಒಳಗೆ ಅಂಗೈಯಗಲದ ಕೋಶ,
ಟೈಟಾನಿಯಂ ತಟ್ಟೆಗಳ ನಡುವೆ ಈರುಳ್ಳಿ ಸಿಪ್ಪೆಯಷ್ಟು ತೆಳು ಹಾಳೆ.
ನೀರೂಡಿಸಿ ಕರೆಂಟು ಕೊಟ್ಟರೆ
ಈ ಮಗ್ಗುಲಿಗೆ ಜಲಜನಕ, ಆ ಮಗ್ಗುಲಿಗೆ ಆಮ್ಲಜನಕ.
ಅಷ್ಟೇ ಅದರ ಸಂಸಾರ.

ಚಿಟ್ಸ್ಕೆ ಸ್ಕ್ರೂ ಬಿಚ್ಚುತ್ತ ಗೊಣಗುತ್ತಾಳೆ:
ಕೋಶ ಒಂದೇ, ನೀರು ಒಂದೇ, ಕರೆಂಟು ಒಂದೇ,
ಅದು ಬೇಡುವ ವೋಲ್ಟು ಮಾತ್ರ ಊರಿಗೊಂದು!
ನಾರ್ವೆಯಲ್ಲಿ ಒಂದು ದಶಾಂಶ ಏಳು ಒಂದು,
ಇಟಲಿಯಲ್ಲಿ ಏಳು ನಾಲ್ಕು,
ಪೋಲೆಂಡು ಇಬ್ಬರಿಗೂ ಬೇಡವಾಗಿ ನಡುವೆ.
ಮೊದಮೊದಲು ಪತ್ರಗಳಲ್ಲಿ
'ದಯವಿಟ್ಟು ನಿಮ್ಮ ಮಾಪಕವನ್ನೊಮ್ಮೆ ನೋಡಿಕೊಳ್ಳಿ' ಎಂದಿತ್ತು.
ಆಮೇಲೆ ಬರೀ 'ನೋಡಿಕೊಳ್ಳಿ'.

ಹೊರಗೆ ಉಕ್ಕಿನ ಕಾರ್ಖಾನೆಗಳು ಕೊಳ್ಳಲು ನಿಂತಿವೆ.
ಮಾರುವವನು ತನ್ನ ಸೇರಿನಲ್ಲಿ ಅಳೆದು ತೋರುತ್ತಾನೆ,
ಕೊಳ್ಳುವವನು ತನ್ನದರಲ್ಲಿ ಅಳೆದು ಮುಖ ಹುಳ್ಳಗೆ ಮಾಡುತ್ತಾನೆ.
ಎರಡೂ ಸೇರಿನ ತಳಕ್ಕೆ ಯಾರೋ ಮೇಣ ಮೆತ್ತಿದ್ದಾರೆ,
ಮೋಸಕ್ಕಲ್ಲ,
ರೂಢಿಯೇ ಹಾಗೆ.

ನಾನು ವಿಜ್ಞಾನಿಯಲ್ಲ, ಕರಡು ಬರೆಯುವವಳು.
ಸಭೆಯ ಮೂಲೆಯಲ್ಲಿ ಕೂತು
ಇವರೆಲ್ಲರ ಜಗಳವನ್ನು ಕಲಮುಗಳಾಗಿ ಮಡಚುವವಳು.
ನನ್ನ ಕಸುಬೆಲ್ಲ ಕ್ರಿಯಾಪದದ ಬಾಲದಲ್ಲಿ:
ಅಳೆಯಬಹುದು. ಅಳೆಯಬೇಕು. ಅಳೆಯತಕ್ಕದ್ದು.
'ಬಹುದು' ಅಂದರೆ ಬಾಗಿಲಿಗೆ ಚಿಲಕವಿಲ್ಲ.
'ಬೇಕು' ಅಂದರೆ ತಾಯಿಯ ಮಾತು, ಕೇಳಿದರೆ ಕೇಳಿದರು.
'ತಕ್ಕದ್ದು' ಬರೆದಾಗ ಮಾತ್ರ
ತಕ್ಕಡಿಯ ಮುಳ್ಳು ಅಲ್ಲಾಡುವುದು ನಿಲ್ಲುತ್ತದೆ.

ಮೂರನೆಯ ಮಧ್ಯಾಹ್ನ ಟುರಿನ್ನಿನ ಎರ್ಮಿನಿಯೊ
ಹಲಗೆಯ ಮೇಲೆ ತನ್ನ ಕೊಳವೆ ಬರೆದ,
ಥರ್ಮಾಮೀಟರಿಗೊಂದು ಚುಕ್ಕೆ ಇಟ್ಟ,
ನೀರು ಒಳಬರುವ ದಾರಿಯಲ್ಲಿ.
ಇಂಗೆಬ್ಯೋರ್ಗ್ ನಕ್ಕಳು. ನಕ್ಕು ಸುಮ್ಮನಾದಳು.
ಎದ್ದು ಹೋಗಿ ಇನ್ನೊಂದು ಚುಕ್ಕೆ ಇಟ್ಟಳು,
ನೀರು ಹೊರಬೀಳುವ ಬಾಯಲ್ಲಿ.
ಎಂಬತ್ತು ಡಿಗ್ರಿ ಎಂದು ಇಬ್ಬರೂ ಬರೆದಿದ್ದರು.
ಇಬ್ಬರೂ ಸುಳ್ಳು ಹೇಳಿರಲಿಲ್ಲ.
ಟುರಿನ್ನಿನ ಬರಿಮೈ ಕೊಳವೆ, ಒಂದು ಮೊಳ;
ಅಷ್ಟರಲ್ಲೇ ಐದು ಡಿಗ್ರಿ ಸೋರಿಹೋಗಿತ್ತು,
ಜೊತೆಗೆ ನಮ್ಮ ಎರಡು ವರ್ಷ.

ಆಗ ಗ್ಡಾನ್ಸ್ಕಿನ ಬೊಗುಮಿವಾ, ಅಲ್ಲಿಯವರೆಗೆ ಮಾತಾಡದವಳು:
'ಬರೆದುಕೊಳ್ಳುವ ಮೊದಲು ಎಷ್ಟು ಹೊತ್ತು ಕಾದಿರಿ?'
ಅರ್ಧ ಗಂಟೆ, ಎಂದ ಒಬ್ಬ.
ಕಾಫಿ ಮುಗಿಯುವವರೆಗೆ, ಎಂದಳು ಇನ್ನೊಬ್ಬಳು.
'ನಾನು ಒಂದು ರಾತ್ರಿ.
ಪ್ರಯಾಣದಲ್ಲಿ ಒಣಗಿದ ಹಾಳೆ ಅದು. ನೆನೆಯಬೇಡವೆ?
ದೂರದಿಂದ ಬಂದವರನ್ನು ಹೊಸಿಲಲ್ಲೇ ನಿಲ್ಲಿಸಿ
ಲೆಕ್ಕ ಕೇಳುತ್ತೀರಾ?'

ಹೀಟರಿನ ಸದ್ದು ಬಿಟ್ಟರೆ ಕೋಣೆಯಲ್ಲಿ ಏನೂ ಇಲ್ಲ.

ಬರೆದೆ: ಹನ್ನೆರಡು ಗಂಟೆ ನೆನೆಸತಕ್ಕದ್ದು.
ಬರೆದೆ: ತಾಪವನ್ನು ನಿರ್ಗಮದಿಂದ ಐದು ಸೆಂಟಿಮೀಟರಿನೊಳಗೆ...
ಎರ್ಮಿನಿಯೊ ಕೆಮ್ಮಿದ.
ಅವನ ಹೊಸ ಮೇಜಿನಲ್ಲಿ ಆ ಬದಿಗಿರುವುದು ಒಂದೇ ತೂತು,
ಅದು ಆರರಲ್ಲಿ.
ಮೂರಕ್ಕೆ ವಾದವಾಯಿತು, ಹತ್ತಕ್ಕೂ ಆಯಿತು, ಕತ್ತಲಾಯಿತು.
ಆರು ಎಂದು ಬರೆದೆ.
ನಾಳೆ ಯಾವುದೋ ದೇಶದಲ್ಲಿ ಯಾವನೋ ಹುಡುಗ
ಆರಕ್ಕೆ ತಪ್ಪಿ ಏಳರಲ್ಲಿ ಕೊರೆದು ಬೈಸಿಕೊಳ್ಳುತ್ತಾನೆ,
ಆರೇ ಏಕೆಂದು ಯಾರೂ ಹೇಳುವುದಿಲ್ಲ.

ಬೇಸಿಗೆ ಕಳೆದು ಪೆಟ್ಟಿಗೆ ಸುತ್ತು ಮುಗಿಸಿ ಬಂತು.
ಮೂರೂ ಊರಿನ ಅಂಕಿಗಳು
ನಾಲ್ಕು ಮಿಲಿವೋಲ್ಟಿನ ಒಳಗೆ.
ಒಂದೇ ಅಲ್ಲ. ಹತ್ತಿರ.
ಚಿಟ್ಸ್ಕೆ ಕನ್ನಡಕ ತೆಗೆದು
ಒರೆಸಬೇಕಾದುದಕ್ಕಿಂತ ಹೆಚ್ಚು ಹೊತ್ತು ಒರೆಸಿದಳು.

ಇನ್ನು ಚಿಲಿ, ಆಂಟೊಫಗಸ್ತಾ, ಮರುಭೂಮಿಯಂಚಿನ ಲ್ಯಾಬು.
ಸುಂಕದ ಫಾರಮು ಕೇಳುತ್ತದೆ: ಒಳಗೇನು? ಬೆಲೆ ಎಷ್ಟು?
'ನೀನು ಮಾತಿನವಳಲ್ಲವೆ, ನೀನೇ ತುಂಬು.'
ಬಳಸಿದ ವಸ್ತು. ಮಾರಾಟಕ್ಕಲ್ಲ, ಎಂದು ತುಂಬಿದೆ.
ಬೆಲೆಯ ಮನೆ ಖಾಲಿ ಬಿಡುವಂತಿಲ್ಲವಂತೆ;
ಒಂದು ಯೂರೊ.

ಮುಚ್ಚಳಕ್ಕೆ ಮೊಳೆ ಹೊಡೆಯುವ ಮುನ್ನ
ಚಿಟ್ಸ್ಕೆ ಕೆಂಪು ದಾರವೊಂದನ್ನು ಆರು ಸೆಂಟಿಮೀಟರಿಗೆ ಕತ್ತರಿಸಿ
ಕೋಶದ ಪಕ್ಕ ಮಲಗಿಸಿದಳು,
ಅಲ್ಲಿಯವರ ಸ್ಕೇಲು ಹೇಗಿದೆಯೋ ಎಂದು.